ಹೆರಿಗೆಯಿಲ್ಲದ ಕಂಪೆನಿ

ಪುಂಜಾಲಕಟ್ಟೆಯ ಜತ್ತಪ್ಪ ಶೆಟ್ಟರು ಒಂಬತ್ತು ಸಲ ಪಾಯಸ ತಿನ್ನುತ್ತ ಆಸ್ತಿ ಕಳೆದುಕೊಂಡವರು. ಹೊರಗಿನವರಿಗೆ ಇದು ಒಗಟಿನಂತೆ ಕೇಳಿಸೀತು. ಅಳಿಯಸಂತಾನದ ಮನೆಯಲ್ಲಿ ಹುಟ್ಟಿದವರಿಗೆ ಇದು ಬರಿಯ ಲೆಕ್ಕ. ಅಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತದೆ. ಮನೆಮಗಳು ಹೆತ್ತ ಒಂದೊಂದು ಮಗುವೂ ತನ್ನ ಪಾಲನ್ನು ತಲೆಯ ಮೇಲೆ ಹೊತ್ತುಕೊಂಡೇ ಭೂಮಿಗೆ ಬರುತ್ತದೆ. ತಾಯಿ, ತಾನು, ತಂಗಿ ಸರಸ ಎಂದು ಮೂವರೇ ಇದ್ದಾಗ ಶೆಟ್ಟರ ಪಾಲು ಮೂರರಲ್ಲೊಂದು. ಸರಸಕ್ಕ ಒಂಬತ್ತು ಹೆತ್ತಳು. ಪ್ರತಿ ತೊಟ್ಟಿಲಿಗೂ ಸೋದರಮಾವನಿಗೆ ಮೊದಲ ಎಲೆ, ಮೊದಲ ಪಾಯಸ, ಊರವರ ಅಭಿನಂದನೆ. ಒಂಬತ್ತನೆಯ ಪಾಯಸದ ಹೊತ್ತಿಗೆ ಮೂರರಲ್ಲೊಂದು ಹನ್ನೆರಡರಲ್ಲೊಂದಾಗಿತ್ತು. ಹತ್ತನೆಯದರ ಸುದ್ದಿ ಬಂದ ದಿನ ಶೆಟ್ಟರು ಪಾಯಸಕ್ಕೆ ಕಾಯಲಿಲ್ಲ. ನೆಟ್ಟಗೆ ಬಂಟ್ವಾಳದ ಕೋರ್ಟಿಗೆ ನಡೆದರು.

ಕೋರ್ಟು ಅವರಿಗೆ ಎರಡು ಸಾವಿರ ರೂಪಾಯಿಯನ್ನೂ, ಒಂದು ಹಲಸಿನ ಮರದ ಬಗ್ಗೆ ಮುಗಿಯದ ದಾವೆಯನ್ನೂ ಕೊಟ್ಟಿತು. ದಾವೆಗಾಗಿ ಅವರು ವಾರಕ್ಕೆ ನಾಲ್ಕು ದಿನ ಬಂಟ್ವಾಳಕ್ಕೆ ಹೋಗಿಬರುತ್ತಿದ್ದರು. ರೂಪಾಯಿಯ ಬಗ್ಗೆ ಮಾತ್ರ ಒಂದು ಸಿದ್ಧಾಂತಕ್ಕೆ ಬಂದಿದ್ದರು: ಇನ್ನು ಮುಂದೆ ಹೆರಿಗೆಯಿಲ್ಲದ ಕಡೆ ಹಣ ಹಾಕಬೇಕು.

೧೯೫೭ರಲ್ಲಿ ಮೂಡುಬಿದಿರೆಯ ಪದ್ಮರಾಜ ಬಲ್ಲಾಳರು ಪುಷ್ಪದಂತ ಮೋಟಾರ್ ಸರ್ವಿಸ್ ಎಂಬ ಕಂಪೆನಿ ತೆರೆದರು. ನೂರು ರೂಪಾಯಿಯ ಇನ್ನೂರು ಶೇರು, ಅಂದರೆ ಇಪ್ಪತ್ತು ಸಾವಿರಕ್ಕೆ ಒಂದು ಬಸ್ಸು. ಮೂಡುಬಿದಿರೆಯಿಂದ ಸಿದ್ಧಕಟ್ಟೆ, ಬಂಟ್ವಾಳ, ಪುಂಜಾಲಕಟ್ಟೆ, ಮಡಂತ್ಯಾರು ದಾಟಿ ಬೆಳ್ತಂಗಡಿಗೆ. ಶೆಟ್ಟರು ಹಣದ ಗಂಟನ್ನು ಮಡಿಲಲ್ಲಿಟ್ಟುಕೊಂಡು ಬಲ್ಲಾಳರ ಮುಂದೆ ಕುಳಿತರು.

"ಇದರಲ್ಲಿ ಹೆಂಗಸರು ಇದ್ದಾರಾ ಬಲ್ಲಾಳ್ರೇ?"

"ಶೇರು ತೆಗೆದುಕೊಳ್ಳಲಿಕ್ಕೆ ಹೆಂಗಸರಿಗೆ ಅಡ್ಡಿ ಇಲ್ಲ. ಯಾಕೆ?"

"ತೆಗೆದುಕೊಳ್ಳುವವರಲ್ಲ. ಹೆರುವವರು."

ಬಲ್ಲಾಳರು ಕನ್ನಡಕ ತೆಗೆದು, ಒರಸಿ, ಮತ್ತೆ ಹಾಕಿಕೊಂಡರು. "ಇದು ಬಸ್ಸಿನ ಕಂಪೆನಿ ಶೆಟ್ರೇ. ಹೆರುವುದಿಲ್ಲ."

ಅಷ್ಟು ಭರವಸೆ ಸಾಕಾಯಿತು. ಶೆಟ್ಟರು ಇಪ್ಪತ್ತು ಶೇರು ಕೊಂಡರು. ಎಲ್ಲ ತನ್ನ ಹೆಸರಲ್ಲಿದ್ದರೆ ಕಡೆಗೆ ಸರಸಕ್ಕನ ಮಕ್ಕಳ ಬಾಯಿಗೇ ಬಿದ್ದೀತೆಂದು ಹತ್ತನ್ನು ತನ್ನ ಹೆಸರಿಗೂ ಹತ್ತನ್ನು ಹೆಂಡತಿ ಪ್ರೇಮಾವತಿಯ ಹೆಸರಿಗೂ ಬರೆಸಿದರು. ಮರುದಿನದಿಂದ ಅವರು ಊರಲ್ಲಿ ಬಸ್ಸಿನ ಹತ್ತರಲ್ಲೊಂದು ಭಾಗದ ಧನಿ. ಆ ಹತ್ತನೆಯ ಒಂದು ಭಾಗ ಯಾವುದೆಂದು ಹೋಟೆಲಿನಲ್ಲಿ ಯಾರೋ ಕೇಳಿದಾಗ ಶೆಟ್ಟರು ಕ್ಷಣವೂ ಯೋಚಿಸದೆ "ಎದುರಿನದ್ದು" ಎಂದರು.

ಹಾಗೆನ್ನಲು ಆಧಾರವಿತ್ತು. ಡ್ರೈವರನ ಪಕ್ಕದ ಸೀಟಿನ ಬಗ್ಗೆ ಬಲ್ಲಾಳರು ಒಂದು ನಿಯಮ ಮಾಡಿದ್ದರು. ಹತ್ತು ಶೇರು ಇದ್ದವರಿಗೆ ಆ ಸೀಟು ಉಚಿತ. ಅಂಥವರು ಇಬ್ಬರಾದರೆ ಹೆಚ್ಚು ಶೇರಿನವರಿಗೆ. ಶೇರೂ ಸಮವಾದರೆ ಮೊದಲು ಹತ್ತಿದವರಿಗೆ. ಹತ್ತು ಶೇರಿನ ಉಳಿದವರೆಲ್ಲ ಮೂಡುಬಿದಿರೆಯವರು. ಅವರಿಗೆ ಬಸ್ಸು ಆದಾಯವೇ ಹೊರತು ವಾಹನವಲ್ಲ. ಹೀಗಾಗಿ ಆ ಸೀಟು ಶೆಟ್ಟರದೇ ಆಯಿತು. ಅವರ ಮನೆಯ ಬೇಲಿಯ ದಣಪೆಯ ಮುಂದೆ ಬಸ್ಸು ನಿಂತು ಎರಡು ಸಲ ಹಾರ್ನು ಹೊಡೆಯುತ್ತಿತ್ತು. ಶೆಟ್ಟರು ಮೂರನೆಯದಕ್ಕೆ ಕಾಯುತ್ತಿದ್ದರು.

ಪ್ರೇಮಾವತಿಯಮ್ಮನಿಗೂ ಹತ್ತು ಶೇರು ಇತ್ತಲ್ಲ ಎಂದು ನಿಮಗೆ ಅನಿಸಬಹುದು. ಇತ್ತು. ಆದರೆ ಗಂಡ ಮೊದಲು ಹತ್ತುತ್ತಿದ್ದರು. ಆಕೆ ಹಿಂದೆ, ಕೋಳಿಬುಟ್ಟಿಗಳ ಪಕ್ಕದಲ್ಲಿ, ಟಿಕೇಟು ತೆಗೆದುಕೊಂಡು ಕೂರುತ್ತಿದ್ದರು.

ಎರಡು ವರ್ಷ ಹೀಗೆ ಸುಖವಾಗಿ ಕಳೆಯಿತು. ೧೯೫೯ರ ವಾರ್ಷಿಕ ಸಭೆಯಲ್ಲಿ ಬಲ್ಲಾಳರು ಎದ್ದು ನಿಂತು, ಇನ್ನೊಂದು ಬಸ್ಸು ತರುವ ಸಲುವಾಗಿ ಮತ್ತೆ ಇನ್ನೂರು ಶೇರು ಹೊರಡಿಸುವುದೆಂದು ಹೇಳಿದರು. ಶೆಟ್ಟರೂ ಎದ್ದು ನಿಂತರು.

"ಹೆರುವುದಿಲ್ಲ ಅಂದಿದ್ರಿ."

"ಯಾರು?"

"ಕಂಪೆನಿ. ನನ್ನ ತಂಗಿ ಆದರೂ ಒಂದೊಂದೇ ಹೆತ್ತಳು. ನಿಮ್ಮದು ಒಂದೇ ಸಲಕ್ಕೆ ಇನ್ನೂರು."

"ಹಳಬರಿಗೇ ಮೊದಲ ಹಕ್ಕು ಶೆಟ್ರೇ. ನೀವೂ ನೂರರಂತೆ ಇಪ್ಪತ್ತು ತೆಗೆದುಕೊಂಡರೆ ನಿಮ್ಮ ಹತ್ತರಲ್ಲೊಂದು ಹತ್ತರಲ್ಲೊಂದಾಗಿಯೇ ಉಳೀತದೆ."

"ಪಾಲು ಕಿತ್ತುಕೊಳ್ಳಲಿಕ್ಕೆ ಹುಟ್ಟುವ ಮಗುವಿನ ಬಾಣಂತನವೂ ನನ್ನದೇಯಾ?" ಎಂದು ಶೆಟ್ಟರು ಕೂತುಬಿಟ್ಟರು. ಹೊಸ ಶೇರುಗಳು ಐದೈದರಂತೆ ಬೇರೆಯವರಿಗೆ ಹೋದವು.

ಸಭೆಯ ಎರಡನೆಯ ಪ್ರಸ್ತಾಪ ಇನ್ನೂ ವಿಚಿತ್ರವಾಗಿತ್ತು. ಡ್ರೈವರ್ ಅಬ್ದುಲ್ ಶುಕೂರನನ್ನು ಮಂಗಳೂರಿನ ದೊಡ್ಡ ಕಂಪೆನಿಯೊಂದು ಕರೆಯುತ್ತಿತ್ತು. ಹೆಚ್ಚು ಸಂಬಳ ಕೊಡಲು ಬಲ್ಲಾಳರ ಕೈಯಲ್ಲಿ ಹಣವಿರಲಿಲ್ಲ. ಆದ್ದರಿಂದ ಒಂದು ಕಾಗದ ಬರೆದುಕೊಟ್ಟರು. ಮೂರು ವರ್ಷ ಇಲ್ಲೇ ದುಡಿದರೆ, ೧೯೬೨ರ ಸಭೆಯ ದಿನ ಶುಕೂರನು ಹತ್ತು ಶೇರುಗಳನ್ನು ನೂರು ರೂಪಾಯಿಯ ಹಳೆ ಬೆಲೆಗೇ ಕೊಳ್ಳಬಹುದು, ಅಷ್ಟು ಹೊತ್ತಿಗೆ ಪೇಟೆಯ ಬೆಲೆ ಎಷ್ಟೇ ಏರಿರಲಿ.

"ಬೆಲೆ ಏರದಿದ್ದರೆ?" ಶೆಟ್ಟರು ಕೇಳಿದರು.

"ಅವನಿಗೆ ಬೇಡವಾದರೆ ಬಿಡಬಹುದು. ಕೊಳ್ಳಲೇಬೇಕು ಅಂತ ಇಲ್ಲ."

ಶೆಟ್ಟರಿಗೆ ಎಲ್ಲ ಅರ್ಥವಾಯಿತು. ಇದು ಹುಟ್ಟಿದ ಮಗುವಲ್ಲ, ಹೊಟ್ಟೆಯಲ್ಲಿರುವುದು. ಮೂರು ವರ್ಷದ ಬಸಿರು. ಹುಟ್ಟುವುದೋ ಬೇಡವೋ ಎಂಬುದನ್ನೂ ಅದೇ ತೀರ್ಮಾನಿಸುತ್ತದೆ. ಇಷ್ಟು ಜಾಣ ಶಿಶು ಸರಸಕ್ಕನ ಹೊಟ್ಟೆಯಲ್ಲಿ ಕೂಡ ಬಂದಿರಲಿಲ್ಲ.

ಊರಿಗೆ ಬಂದವರೇ ಮಹಮ್ಮದ್ ಕುಂಞಿಯವರ ಅಂಗಡಿಯ ಬೆಂಚಿನ ಮೇಲೆ ಕುಸಿದರು. ಕುಂಞಿಯವರದು ಪುಂಜಾಲಕಟ್ಟೆ ಪೇಟೆಯಲ್ಲಿ ದಿನಸಿ ಅಂಗಡಿ, ಬದಿಯಲ್ಲೊಂದು ಚಾದ ಒಲೆ. ವ್ಯಾಪಾರದ ವಿಷಯದಲ್ಲಿ ಅವರು ಹೇಳಿದ್ದನ್ನು ಊರು ಕೇಳುತ್ತಿತ್ತು, ಆಮೇಲೆ ತನಗೆ ತೋಚಿದ್ದನ್ನು ಮಾಡುತ್ತಿತ್ತು.

"ಸಾಯ್ಬ್ರೇ, ನನ್ನ ಹತ್ತರಲ್ಲೊಂದು ಇಪ್ಪತ್ತರಲ್ಲೊಂದಾಯ್ತು."

"ಬಸ್ಸು ಒಂದಿದ್ದದ್ದು ಎರಡಾಯ್ತಲ್ಲ ಮಾರಾಯ್ರೆ. ಒಂದು ಬಸ್ಸಿನ ಹತ್ತರಲ್ಲೊಂದೂ ಎರಡು ಬಸ್ಸಿನ ಇಪ್ಪತ್ತರಲ್ಲೊಂದೂ ಒಂದೇ ಅಲ್ವಾ?" ಕುಂಞಿಯವರು ಹಾಲಿನ ಪಾತ್ರೆ ತೋರಿಸಿದರು. "ಹಾಲಿಗೆ ನೀರು ಹೊಯ್ದರೆ ತೆಳುವಾಗ್ತದೆ. ಹಾಲಿಗೆ ಹಾಲೇ ಹೊಯ್ದರೆ ಎಂತ ತೆಳು? ಹೊಸಬರು ಪೂರ್ತಿ ಬೆಲೆ ಕೊಟ್ಟೇ ಬಂದಿದ್ದಾರೆ."

"ಡ್ರೈವರನದ್ದು?"

"ಅದರಲ್ಲಿ ಸ್ವಲ್ಪ ನೀರು ಉಂಟು. ನಾಳೆ ಶೇರಿಗೆ ಇನ್ನೂರು ಆಯ್ತು ಅಂತ ಇಟ್ಟುಕೊಳ್ಳುವ. ಅವ ನೂರಕ್ಕೇ ಹತ್ತು ತಗೊಳ್ತಾನೆ. ಕಂಪೆನಿಗೆ ಬರಬೇಕಾದ ಸಾವಿರ ಬರುವುದಿಲ್ಲ. ಆ ನಷ್ಟ ಎಲ್ಲರಿಗೂ ಹಂಚಿ ಹೋಗ್ತದೆ." ಅವರು ಬೆರಳು ಮಡಚಿ ಲೆಕ್ಕ ಹಾಕಿದರು. "ನಿಮ್ಮ ಇಬ್ಬರ ಇಪ್ಪತ್ತು ಶೇರಿಗೆ ಎಲ್ಲ ಸೇರಿ ಒಂದು ನಲವತ್ತೊಂಬತ್ತು ರೂಪಾಯಿ. ಅದೇ ಹೊತ್ತಿಗೆ ನಿಮ್ಮ ಎರಡು ಸಾವಿರ ನಾಲ್ಕು ಸಾವಿರ ಆಗಿರ್ತದೆ. ಹಾಲಿಗೆ ಒಂದು ಚಮಚ ನೀರು ಬಿತ್ತು ಅಂತ ದನ ಮೇಯಿಸುವವನ ಮೇಲೆ ಸಿಟ್ಟು ಮಾಡ್ತಾರಾ?"

ಆದರೆ ಶೆಟ್ಟರು ನಲವತ್ತೊಂಬತ್ತು ರೂಪಾಯಿಯನ್ನು ಕೇಳಿಸಿಕೊಂಡಿರಲೇ ಇಲ್ಲ. ಅವರು ಬೇರೆಯದೇ ಲೆಕ್ಕದಲ್ಲಿದ್ದರು. ತನ್ನ ಹೆಸರಲ್ಲಿ ಹತ್ತು. ಶುಕೂರನ ಹೆಸರಲ್ಲಿ ಹತ್ತು. ಸಮ. ಸಮವಾದರೆ ಎದುರಿನ ಸೀಟು ಮೊದಲು ಹತ್ತಿದವರಿಗೆ.

"ಸಾಯ್ಬ್ರೇ, ಬಸ್ಸಿಗೆ ಡ್ರೈವರನಿಗಿಂತ ಮೊದಲು ಹತ್ತುವವರು ಯಾರಾದರೂ ಇದ್ದಾರಾ?"

"ಹೇಗೆ ಇರ್ತಾರೆ?"

"ನಾಳೆ ಅವ ಆ ಸೀಟಿನಲ್ಲಿ ತನ್ನ ಬುತ್ತಿ ಇಟ್ಟರೂ ನಾನು ಕೇಳುವ ಹಾಗಿಲ್ಲ."

ಕುಂಞಿಯವರಿಗೆ ನಗು ಬಂತು. "ಒಂದೇ ದಾರಿ ಉಂಟು. ಶೇರಿನ ಬೆಲೆ ನೂರಕ್ಕಿಂತ ಕೆಳಗೆ ಬೀಳಬೇಕು. ತೊಂಬತ್ತರ ಮಾಲಿಗೆ ನೂರು ಕೊಡ್ಲಿಕ್ಕೆ ಅವನಿಗೆಂತ ಮರ್ಲಾ?"

ಇದನ್ನು ಅವರು ತಮಾಷೆಗೆ ಹೇಳಿದರು. ಚರಿತ್ರೆಯ ಎಷ್ಟೋ ಅನಾಹುತಗಳು ಹೀಗೆ ಚಾ ಸೋಸುತ್ತ ಹೇಳಿದ ತಮಾಷೆಗಳಿಂದಲೇ ಹುಟ್ಟಿವೆ.

ಶುಕೂರನು ದುಡಿದ. ಬಸ್ಸನ್ನು ದಿನಾ ಸ್ವತಃ ತೊಳೆದ, ಗುಂಡಿ ಕಂಡಲ್ಲಿ ಚಕ್ರವನ್ನು ಬಳಸಿ ದಾಟಿಸಿದ, ಗಡಿಯಾರ ನೋಡಿ ಓಡಿಸಿದ. ಅವನ ಹೆಂಡತಿ ಸಾಲಿಹಾ ಬೀಡಿ ಕಟ್ಟಿ ತಿಂಗಳಿಗೆ ಇಷ್ಟೆಂದು ಒಂದು ಡಬ್ಬಿಗೆ ಹಾಕುತ್ತ ಬಂದಳು, ಸಾವಿರ ರೂಪಾಯಿ ಆಗುವ ತನಕ. ೧೯೬೧ರ ಕೊನೆಗೆ ಮಡಂತ್ಯಾರಿನಲ್ಲಿ ಪುಷ್ಪದಂತದ ಐದು ಶೇರು ಇನ್ನೂರರಂತೆ ಕೈಬದಲಾಯಿತು. ಊರೆಲ್ಲ ಶೆಟ್ಟರನ್ನು ಅಭಿನಂದಿಸಿತು. ಅವರಿಗೆ ಹತ್ತನೆಯ ತೊಟ್ಟಿಲಿನ ಮುಂದೆ ನಿಂತ ಹಾಗಾಯಿತು.

ಬೆಲೆಯನ್ನು ಶಾಶ್ವತವಾಗಿ ಇಳಿಸುವ ಉದ್ದೇಶ ಅವರಿಗಿರಲಿಲ್ಲ. ಸಭೆಯ ಆ ಒಂದು ದಿನ ನೂರಕ್ಕಿಂತ ಕೆಳಗಿದ್ದರೆ ಸಾಕು, ಮರುದಿನ ಅದು ತನ್ನಷ್ಟಕ್ಕೆ ಮೇಲೆ ಬರುತ್ತದೆ ಎಂದು ಅವರ ನಂಬಿಕೆ. ನೀರಿನಲ್ಲಿ ಅದುಮಿದ ತೆಂಗಿನಕಾಯಿ ಹಾಗೇ ಅಲ್ಲವೆ ಮಾಡುವುದು?

ಬಂಟ್ವಾಳದಿಂದ ಪುಂಜಾಲಕಟ್ಟೆಗೆ ಬರುವಾಗ ಪೇಟೆಗೆ ಸ್ವಲ್ಪ ಮೊದಲು ಒಂದು ಇಳಿಜಾರು. ಒಂದು ಸಂಜೆ ಬಸ್ಸು ಅದರ ತಲೆಗೆ ಬಂದಾಗ ಶೆಟ್ಟರು "ನಿಲ್ಲಿಸು" ಎಂದರು. ಕೊಡೆ ಹಿಡಿದು ಇಳಿದರು. ಇಳಿಜಾರನ್ನು ನಡೆದು ಮುಗಿಸಿ, ಕೆಳಗೆ ಕಾಯುತ್ತಿದ್ದ ಬಸ್ಸಿಗೆ ಮತ್ತೆ ಹತ್ತಿದರು.

"ಎಂತ ಧನಿಗಳೇ, ಬ್ರೇಕಿನ ಹೆದರಿಕೆಯಾ?" ಶುಕೂರ್ ನಗುತ್ತ ಕೇಳಿದ.

"ಛೆ ಛೆ. ಬ್ರೇಕಿಗೆ ಎಂತದೂ ಆಗ್ಲಿಲ್ಲ. ಡಾಕ್ಟ್ರು ನಡೀಬೇಕು ಅಂದಿದ್ದಾರೆ," ಎಂದು ಶೆಟ್ಟರು, ಯಾರೂ ನಂಬದಷ್ಟು ಗಟ್ಟಿಯಾಗಿ ಹೇಳಿದರು.

ಎರಡನೆಯ ದಿನ ಅವರ ಜೊತೆ ಒಬ್ಬ ಮಾಸ್ತರರು ಇಳಿದರು. ಮೂರನೆಯ ದಿನ ಹನ್ನೊಂದು ಮಂದಿ. ಧನಿಯೇ ಇಳಿಯುವಾಗ ಕೂತಿರಲು ಟಿಕೇಟು ಕೊಟ್ಟವರಿಗೇನು ಹುಚ್ಚೆ? ವಾರ ಕಳೆಯುವಷ್ಟರಲ್ಲಿ ಆ ಇಳಿಜಾರಿನಲ್ಲಿ ದಿನವೂ ಒಂದು ಮೆರವಣಿಗೆ. ಮುಂದೆ ಕೊಡೆ ಹಿಡಿದ ಶೆಟ್ಟರು, ಅವರ ಹಿಂದೆ ಕೋಳಿ, ಕುಂಬಳಕಾಯಿ, ಕೂಸುಗಳೊಂದಿಗೆ ನಲವತ್ತು ಪ್ರಯಾಣಿಕರು, ಎಲ್ಲರ ಹಿಂದೆ ತಪ್ಪು ಮಾಡಿದ ಎಮ್ಮೆಯಂತೆ ತೆವಳುವ ಖಾಲಿ ಬಸ್ಸು.

ದೂರು ಹೋಗಿ ಮಂಗಳೂರಿನಿಂದ ಮೋಟಾರು ಇನ್‌ಸ್ಪೆಕ್ಟರರು ಬಂದರು. ಬಸ್ಸನ್ನು ಇಳಿಜಾರಿನಲ್ಲಿ ವೇಗವಾಗಿ ಬಿಡಿಸಿ ಅರ್ಧದಲ್ಲಿ ಬ್ರೇಕು ಹಾಕಿಸಿದರು. ಬಸ್ಸು ನಿಂತಿತು. ಇನ್‌ಸ್ಪೆಕ್ಟರರ ಟೊಪ್ಪಿ ನಿಲ್ಲದೆ ಕಿಟಕಿಯಿಂದ ಮುಂದಕ್ಕೆ ಹೋಯಿತು. ಅವರು ಟೊಪ್ಪಿ ಹುಡುಕಿಸಿಕೊಂಡು, ಇಷ್ಟು ಒಳ್ಳೆಯ ಬ್ರೇಕನ್ನು ತಾನು ಈ ಜಿಲ್ಲೆಯಲ್ಲಿ ಕಂಡಿಲ್ಲವೆಂದು ಸರ್ಟಿಫಿಕೇಟು ಬರೆದುಕೊಟ್ಟರು. ಬಲ್ಲಾಳರು ಅದಕ್ಕೆ ಚೌಕಟ್ಟು ಹಾಕಿಸಿ ಬಸ್ಸಿನೊಳಗೆ ತೂಗುಹಾಕಿದರು.

ಅಲ್ಲಿಗೆ ಕಂಪೆನಿಯ ಕತೆ ಮುಗಿಯಿತು.

"ಬ್ರೇಕು ಸರಿ ಇದ್ದರೆ ಸರ್ಟಿಫಿಕೇಟು ಯಾಕೆ?" ಎಂದರು ಮಾಸ್ತರರು. "ಮೈಯಲ್ಲಿ ಸೌಖ್ಯ ಇದ್ದವ ಡಾಕ್ಟ್ರ ಚೀಟಿಗೆ ಚೌಕಟ್ಟು ಹಾಕಿಸಿ ಕುತ್ತಿಗೆಗೆ ಕಟ್ಟಿಕೊಳ್ತಾನಾ?"

ಈ ತರ್ಕ ಊರಿಗೆ ಸರಿ ಕಂಡಿತು. ಬೇರೆ ಬಸ್ಸು ಸಿಕ್ಕಿದಾಗಲೆಲ್ಲ ಜನ ಅದನ್ನೇ ಹಿಡಿದರು. ಶೇರು ನೂರೈವತ್ತಾಯಿತು, ತೊಂಬತ್ತಾಯಿತು, ಸಭೆಗೆ ಹದಿನೈದು ದಿನ ಇರುವಾಗ ಐವತ್ತಕ್ಕೆ ಬಂತು. ಬೆಲೆ ಒಂದೊಂದು ಮೆಟ್ಟಿಲು ಇಳಿದಾಗಲೂ ಶೆಟ್ಟರು ಒಂದೊಂದು ದೋಸೆ ಹೆಚ್ಚು ತಿಂದರು. ತನ್ನ ನಾಲ್ಕು ಸಾವಿರ ಒಂದು ಸಾವಿರವಾದ ಸಂತೋಷದಲ್ಲಿ ಮೈಕೈ ತುಂಬಿಕೊಂಡ ಮನುಷ್ಯ ಆ ಸೀಮೆಯಲ್ಲಿ ಅವರೊಬ್ಬರೇ.

ಗುಟ್ಟನ್ನು ಅವರು ಯಾರಿಗೂ ಬಿಟ್ಟುಕೊಡಲಿಲ್ಲ, ಹೆಂಡತಿಗೂ. ಒಂದು ಬೆಳಿಗ್ಗೆ ಪ್ರೇಮಾವತಿಯಮ್ಮ ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಕೇಳಿದರು.

"ಅಲ್ಲ, ಆ ಬ್ರೇಕು ನಿಜವಾಗಿ ಸರಿ ಇಲ್ವಾ?"

"ನಾನು ಕಣ್ಣಾರೆ ನೋಡಿದ್ದೇನೆ."

"ಕಂಪೆನಿಗೆ ಎಂತಾದರೂ ಆಗ್ತದಾ?"

"ಈ ಮಳೆಗಾಲ ದಾಟುವುದಿಲ್ಲ. ಬರೆದಿಟ್ಟುಕೋ."

"ಹಾಗೋ," ಎಂದು ಅವರು ಇನ್ನೊಂದು ಕಲ್ಲು ಎತ್ತಿ ಬಿಸಾಡಿದರು. ಆ 'ಹಾಗೋ' ಎಂಬುದಕ್ಕೆ ಶೆಟ್ಟರು ಕಿವಿಗೊಡಲಿಲ್ಲ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಗಂಡಸು ಕಿವಿಗೊಡಬೇಕಾಗಿತ್ತು.

ಸಭೆಯ ದಿನ ಶೆಟ್ಟರು ಬೆಳಗಿನ ಮೊದಲ ಬಸ್ಸಿಗೇ ಇಸ್ತ್ರಿ ಹಾಕಿದ ಪಂಚೆ ಉಟ್ಟು ಮೂಡುಬಿದಿರೆಗೆ ಹೋಗಿ ಮೊದಲ ಸಾಲಿನಲ್ಲಿ ಕುಳಿತರು. ಬಲ್ಲಾಳರು ಸೊರಗಿದ್ದರು. ಶುಕೂರನನ್ನು ಒಳಗೆ ಕರೆಸಿದರು.

"ಶುಕೂರೇ, ಕಾಗದದ ಪ್ರಕಾರ ಇವತ್ತು ನಿನ್ನ ದಿನ. ಹತ್ತು ಶೇರು, ನೂರರಂತೆ. ಬೇಕಾ?"

"ಬೇಡ ಧನಿಗಳೇ."

"ಬೇಡ ಅಂತ ಬರೆದುಕೊಳ್ಳಿ," ಎಂದು ಶೆಟ್ಟರು ಗುಮಾಸ್ತನಿಗೆ ಹೇಳಿದರು. ಮೂರು ವರ್ಷದ ಬಸಿರು ಇಳಿದುಹೋಗಿತ್ತು. ಪಾಯಸವಿಲ್ಲದೆಯೂ ಬಾಯಿ ಸಿಹಿಯಾಯಿತು. ಶುಕೂರನ ಭುಜ ತಟ್ಟಿ, "ಬೇಸರ ಮಾಡ್ಬೇಡ ಮಾರಾಯ. ಶೇರು ಅಂದರೆ ಎಲ್ಲರಿಗೂ ಹೇಳಿದ್ದಲ್ಲ," ಎಂದು ಸಮಾಧಾನ ಕೂಡ ಹೇಳಿದರು.

"ಇನ್ನು ವರ್ಗಾವಣೆಗಳು," ಬಲ್ಲಾಳರು ಮುಂದಿನ ಕಾಗದ ತೆಗೆದರು. "ಸಿದ್ಧಕಟ್ಟೆಯ ಇಬ್ಬರು ಐದೈದು ಶೇರು ಐವತ್ತರಂತೆ ಮಾರಿದ್ದಾರೆ. ಕೊಂಡವರು ಅಬ್ದುಲ್ ಶುಕೂರ್. ಪುಂಜಾಲಕಟ್ಟೆಯವರು ಒಬ್ಬರು ಹತ್ತು ಶೇರು ಐವತ್ತರಂತೆ ಮಾರಿದ್ದಾರೆ. ಕೊಂಡವರು ಅಬ್ದುಲ್ ಶುಕೂರ್. ಅಲ್ಲಿಗೆ ಶುಕೂರನ ಹೆಸರಲ್ಲಿ ಇಪ್ಪತ್ತು."

ಸಾಲಿಹಾಳ ಡಬ್ಬಿಯ ಸಾವಿರ ರೂಪಾಯಿಗೆ ನೂರರಂತೆ ಹತ್ತೇ ಬರುತ್ತಿತ್ತು. ಐವತ್ತರಂತೆ ಇಪ್ಪತ್ತು ಬಂದಿತ್ತು. ಇಷ್ಟು ಸರಳ ಭಾಗಾಕಾರ ಶೆಟ್ಟರ ತಲೆಗೆ ಹೊಳೆದದ್ದು ಆಗಲೇ.

"ಪುಂಜಾಲಕಟ್ಟೆಯವರು ಯಾರು?" ಶೆಟ್ಟರು ಎದ್ದು ನಿಂತು ಕೇಳಿದರು.

ಬಲ್ಲಾಳರು ಕನ್ನಡಕ ತೆಗೆದು ಒರಸಿದರು. "ಪ್ರೇಮಾವತಿ ಶೆಟ್ಟಿ. ಒಂದು ಕರಾರು ಬೇರೆ ಉಂಟು. ಹೆಚ್ಚು ಶೇರಿನವನಾಗಿ ಶುಕೂರನಿಗೆ ಎದುರಿನ ಸೀಟಿನ ಮೇಲೆ ಇರುವ ಹಕ್ಕನ್ನು ಅವನು ಆ ಅಮ್ಮನಿಗೆ ಬಿಟ್ಟುಕೊಟ್ಟಿದ್ದಾನೆ. ಅವರು ಜೀವ ಇರುವ ತನಕ ಬೇಕಾದಾಗ ಕೂರಬಹುದು. ಬೇಡವಾದರೆ ಬಿಡಬಹುದು. ಕೂರಲೇಬೇಕು ಅಂತ ಇಲ್ಲ."

ಶೆಟ್ಟರು ಹೊರಗೆ ಬಂದಾಗ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹೊರಡಲು ಸಿದ್ಧವಾಗಿತ್ತು. ಕಾಗದಕ್ಕೆ ರುಜು ಹಾಕಲು ಎರಡನೆಯ ಬಸ್ಸಿಗೆ ಬಂದಿದ್ದ ಪ್ರೇಮಾವತಿಯಮ್ಮ ಎದುರಿನ ಸೀಟಿನಲ್ಲಿ ಮಡಿಲಲ್ಲಿ ಚೀಲ ಇಟ್ಟುಕೊಂಡು ಕುಳಿತಿದ್ದರು.

"ನೀನು... ನನಗೊಂದು ಮಾತು ಹೇಳದೆ..."

"ಹೇಳ್ಲಿಕ್ಕೆಂತ ಉಂಟು? ಮಳೆಗಾಲ ದಾಟುವುದಿಲ್ಲ ಅಂತ ನೀವೇ ಹೇಳಿದ್ದಲ್ವಾ? ಕುಂಞಿಯವರ ಹತ್ತಿರ ಗಿರಾಕಿ ನೋಡ್ಲಿಕ್ಕೆ ಹೇಳಿದೆ. ಶುಕೂರ್ ಬಂದ. ನಾನು ಮೋಸ ಮಾಡ್ಲಿಲ್ಲ ಆಯ್ತಾ. ಬ್ರೇಕು ಸರಿ ಇಲ್ವಂತೆ ಮಾರಾಯ, ತಗೊಳ್ಬೇಡ ಅಂತ ಎರಡು ಸಲ ಹೇಳಿದೆ."

"ಅದಕ್ಕೆ?"

"ಬ್ರೇಕು ಹಾಕುವವ ನಾನೇ ಅಲ್ವಾ ಅಮ್ಮ ಅಂದ."

ಶೆಟ್ಟರು ಹಿಂದಿನ ಬಾಗಿಲಿನಿಂದ ಹತ್ತಿ ಕೋಳಿಬುಟ್ಟಿಗಳ ಪಕ್ಕದಲ್ಲಿ ಕುಳಿತರು.

ಬಂಟ್ವಾಳ ದಾಟಿತು. ಇಳಿಜಾರಿನ ತಲೆಗೆ ಬಂದಾಗ ಶುಕೂರ್ ಅಭ್ಯಾಸಬಲದಿಂದ ನಿಲ್ಲಿಸಿದ. ಬಸ್ಸಿನ ಅಷ್ಟೂ ತಲೆಗಳು ಶೆಟ್ಟರ ಕಡೆ ತಿರುಗಿದವು. ಶೆಟ್ಟರ ಹೆಸರಲ್ಲಿ ಇನ್ನೂ ಹತ್ತು ಶೇರು ಇತ್ತು. ಅದರ ಬೆಲೆ ಇವತ್ತಿನಿಂದಲೇ ಏರಬೇಕಿತ್ತು. ಅವರು ಸೀಟನ್ನು ಎರಡೂ ಕೈಯಿಂದ ಹಿಡಿದುಕೊಂಡರು.

"ಹೋಗುವ, ಹೋಗುವ. ಬ್ರೇಕು ಬಂಡೆಯ ಹಾಗೆ ಉಂಟು."

"ಯಾವಾಗಿನಿಂದ?" ಮಾಸ್ತರರು ಕೇಳಿದರು.

"ಮೊದಲಿನಿಂದಲೂ."

ಮೀನಿನ ಬುಟ್ಟಿಯ ಹೆಂಗಸೊಬ್ಬಳು ನಿಧಾನವಾಗಿ ಎದ್ದು ನಿಂತಳು. "ಶೆಟ್ರು ಶೇರು ಮಾರಿದ್ದಾರೆ ಅಂತ ಕಾಣ್ತದೆ. ಇನ್ನು ಬಸ್ಸು ಹೊಂಡಕ್ಕೆ ಬಿದ್ರೆ ಅವರಿಗೆಂತ?"

"ಮಾರ್ಲಿಲ್ಲ," ಎಂದರು ಮಾಸ್ತರರು ಕೊಡೆ ತೆಗೆಯುತ್ತ. "ಮಾರ್ಲಿಕ್ಕೆ ಜನ ಹುಡುಕ್ತಾ ಇದ್ದಾರೆ. ಅದು ಇನ್ನೂ ಅಪಾಯ. ಇಳಿಯುವ."

ನಲವತ್ತು ಮಂದಿಯೂ ಇಳಿದರು, ಕೋಳಿಗಳನ್ನೂ ಬಿಡದೆ. ಬಸ್ಸಿನಲ್ಲಿ ಉಳಿದವರು ಇಪ್ಪತ್ತು ಶೇರಿನ ಡ್ರೈವರು, ಶೇರಿಲ್ಲದ ಪ್ರೇಮಾವತಿಯಮ್ಮ, ಹತ್ತು ಶೇರಿನ ಶೆಟ್ಟರು, ಮತ್ತು ಕಂಡಕ್ಟರು. ಬಸ್ಸು ಹೂವು ಇಳಿಸಿದ ಹಾಗೆ ಇಳಿಜಾರು ಇಳಿದು ಕೆಳಗೆ ನಿಂತು ಜನರಿಗಾಗಿ ಕಾಯಿತು.

"ಒಳ್ಳೆ ಬ್ರೇಕು," ಎಂದರು ಪ್ರೇಮಾವತಿಯಮ್ಮ.

"ಹೌದಮ್ಮ," ಎಂದ ಶುಕೂರ್.

ಕಂಡಕ್ಟರು ಖಾಲಿ ಬಸ್ಸಿನಲ್ಲಿ ಹಿಂದಕ್ಕೆ ನಡೆದು ಬಂದು ಶೆಟ್ಟರ ಮುಂದೆ ನಿಂತ. "ಟಿಕೇಟು, ಧನಿಗಳೇ."

"ನಾನು ಶೇರುದಾರ."

"ಎದುರಿನ ಸೀಟಿಗೆ ಮಾತ್ರ ಉಚಿತ ಅಲ್ವಾ? ನಿಯಮ."

ಶೆಟ್ಟರು ಜೇಬು ತಡಕಿದರು. ಜಯದ ದಿನ ಟಿಕೇಟಿನ ಹಣ ತರುವವರು ಯಾರು? ಪ್ರೇಮಾವತಿಯಮ್ಮ ತಿರುಗಿ ನೋಡದೆಯೇ ಸೆರಗಿನ ಗಂಟು ಬಿಚ್ಚಿ ಐದು ರೂಪಾಯಿಯ ನೋಟು ಹಿಂದಕ್ಕೆ ಚಾಚಿದರು.

"ಅವರದ್ದು ಇದರಲ್ಲಿ ಹಿಡ್ಕೊ. ಬಾಕಿ ಚಿಲ್ಲರೆ ನನ್ನ ಕೈಗೇ ಕೊಡು, ಅವರಿಗೆ ಕೊಡ್ಬೇಡ ಮಾರಾಯ. ಮತ್ತೆ ಯಾವುದಾದರೂ ಕಂಪೆನಿಗೆ ಹಾಕ್ತಾರೆ."